ಕಡೆಗೆ ಬರುವ ಇಲ್ಲ

ತಿತಿಮತಿಯ ಆನೆ ನಿಗಾ ಕಚೇರಿಯಿಂದ ಕರೆದರು,
ಮೇಜಿನ ಫೋನು ಕೆಮ್ಮುತ್ತಿದೆ ಎಂದು.
ಕೆಮ್ಮಲ್ಲ, ಅಂದಳು ರಾತ್ರಿ ಪಾಳಿಯ ಚೋಂದಮ್ಮ,
ನುಂಗುತ್ತದೆ. ಮಾತಿನ ಬಾಲ ನುಂಗುತ್ತದೆ.

ಮೊನ್ನೆ ನಸುಕಿಗೆ ಚಾತ ಮಾಡಿದ್ದ,
ಎಸ್ಟೇಟಿನ ಲೈನ್‌ಮನೆ ಹಿಂದಿನಿಂದ.
ಆನೆ ರಸ್ತೆ ದಾಟಿ— ಅಂದ.
ದಾಟಿದೆ ಎಂದು ಬರೆದುಕೊಂಡು
ಶಾಲೆಯ ವ್ಯಾನು ಬಿಡಿ ಎಂದಳು.
ಅವನು ಅಂದದ್ದು ದಾಟಿಲ್ಲ.

ತಿರುವಿನಲ್ಲಿ ಡ್ರೈವರು ಕಂಡ, ಹಿಂದಕ್ಕೆ ತೆಗೆದ.
ಒಂದು ಕನ್ನಡಿ ಹೋಯಿತು, ಅಷ್ಟೆ.
ಅಷ್ಟೆ ಅನ್ನುವಾಗ ಅವಳ ಅಂಗೈ
ನೋಟ್‌ಬುಕ್ಕಿನ ಆ ಸಾಲಿನ ಮೇಲಿತ್ತು.

ನಾನು ಚೀಲ ಬಿಚ್ಚಿದೆ.
ಮೊದಲು ಸುರುಳಿ ವಯರು; ಹತ್ತಕ್ಕೆ ಆರು ಸಲ ಅದೇ ಕಳ್ಳ.
ಬದಲಿಸಿದೆ. ಅಲ್ಲ.
ಪಕ್ಕದ ಮೇಜಿನ ಫೋನು ತಂದಿಟ್ಟೆ. ಅದೂ ನುಂಗಿತು.
ಟ್ಯೂಬ್‌ಲೈಟಿನ ತಂತಿಯ ಜೊತೆ ಒಂದೇ ಪೈಪಿನಲ್ಲಿ ಮಲಗಿದ್ದ ಕೇಬಲ್ಲನ್ನು
ಎಬ್ಬಿಸಿ ಎದುರು ಗೋಡೆಗೆ ಹತ್ತಿಸಿದೆ.
ಗುಂಯ್ ಎನ್ನುವುದು ನಿಂತಿತು,
ಬಾಲ ಮಾತ್ರ ಬರಲಿಲ್ಲ.

ಈ ಫೋನಿನಲ್ಲಿ ದನಿ ಹರಿಯುವುದಿಲ್ಲ, ವಿವರಿಸಿದೆ,
ಸೆಕೆಂಡಿಗೆ ಐವತ್ತು ಚೂರು ಮಾಡಿ
ಒಂದೊಂದನ್ನೂ ಪೊಟ್ಟಣ ಕಟ್ಟಿ ಕಳಿಸುತ್ತಾರೆ.
ತಡವಾಗಿ ಬಂದ ಪೊಟ್ಟಣಕ್ಕೆ ಬಾಗಿಲು ತೆಗೆಯುವುದಿಲ್ಲ.
ಚಿತ್ರ ಕಾಯುತ್ತದೆ, ಪತ್ರ ಕಾಯುತ್ತದೆ,
ಮಾತು ಕಾಯಲಾರದು.
ಆಡಿದವನೂ ಕಾಯಲಾರ, ಅಂದಳು,
ಅವನ ಮುಂದೆ ಆನೆ ನಿಂತಿರುತ್ತದೆ.

ಎಣಿಸಿದೆ. ನೂರು ಕಳಿಸಿದರೆ ನೂರೂ ಬಂತು.
ಹಗಲು ಚೆನ್ನಾಗೇ ಇರುತ್ತಲ್ಲ, ನಾನು ಹೇಳಿದ್ದು ರಾತ್ರಿ.
ಹಾಗಾಗಿ ರಾತ್ರಿ ಉಳಿದೆ,
ಅವಳ ಡಬ್ಬಿಯ ಅಕ್ಕಿ ಒಟ್ಟಿ, ಕೈಪುಳಿ ಉಪ್ಪಿನಕಾಯಿ ಪಾಲು ಮಾಡಿಕೊಂಡು,
ಗೋಡೆಯ ನಕಾಶೆಯ ಕೆಂಪು ಗುಂಡುಸೂಜಿ ಲೆಕ್ಕ ಹಾಕುತ್ತ.

ನಾಲ್ಕು ಗಂಟೆಗೆ ರೂಟರಿನ ದೀಪಗಳು
ಹುಚ್ಚೆದ್ದವು.
ನೂರಕ್ಕೆ ಎಪ್ಪತ್ತೊಂದು.
ಯಾರಪ್ಪಾ ಈ ಹೊತ್ತಿನಲ್ಲಿ ಎಂದು ಹುಡುಕುತ್ತ ಹೋದರೆ
ಒಳಕೋಣೆಯಲ್ಲಿ, ಧೂಳಿನ ಮುಸುಕು ಹೊದ್ದ ಕಂಪ್ಯೂಟರು
ಕಾಡಿನ ಕ್ಯಾಮೆರಾಗಳಿಂದ ಪಟ ಇಳಿಸಿಕೊಳ್ಳುತ್ತಿತ್ತು, ತನ್ನಷ್ಟಕ್ಕೆ.
ಆನೆಯ ಕಿವಿ. ಆನೆಯ ಬೆನ್ನು. ಅದೇ ಆನೆಯ ಅದೇ ಬೆನ್ನು.
ಗಾಳಿಗೆ ಅಲ್ಲಾಡಿದ ಲಂಟಾನ, ನಾನೂರು ಸಲ.
ಆನೆಯ ಪಟಗಳು ದಾರಿ ತುಂಬ ಸಾಲುಗಟ್ಟಿ ಬರುತ್ತಿದ್ದರೆ
ಆನೆ ಎಲ್ಲಿದೆ ಎನ್ನುವ ದನಿ
ಪಕ್ಕಕ್ಕೆ ಸರಿದು ಬೇಲಿಗೆ ಒತ್ತಿಕೊಂಡು ನಿಂತಿತ್ತು.

ರೂಟರಿಗೆ ಎರಡು ಸಾಲು ಬರೆದೆ:
ದನಿ ಮೊದಲು.
ಪಟ ಆಮೇಲೆ, ಇಷ್ಟೇ ಇಷ್ಟು.
ಬಿಲ್ಲಿಗೆ ಏನು ಬರೆಯುವುದೋ ತಿಳಿಯಲಿಲ್ಲ,
ಸುರುಳಿ ವಯರು ಒಂದು, ನೂರಿಪ್ಪತ್ತು ಎಂದು ಹಾಕಿದೆ.

ಕೂತು ಯೋಚಿಸಿದರೆ, ತಪ್ಪು ಪೂರಾ ಫೋನಿನದೂ ಅಲ್ಲ.
ನಮ್ಮ ಇಲ್ಲ ಬರುವುದೇ ಕಡೆಗೆ.
ಬಂದಿಲ್ಲ, ಕಂಡಿಲ್ಲ, ದಾಟಿಲ್ಲ:
ಇಡೀ ಮಾತು ಹೌದು ಹೌದು ಎಂದು ನಡೆದು ಬಂದು
ಹೊಸಿಲಲ್ಲಿ ನಿಂತು ತಲೆ ಅಲ್ಲಾಡಿಸುತ್ತದೆ.
ಅಲ್ಲೊಂದು ಪೊಟ್ಟಣ ಬಿದ್ದರೆ
ಆನೆ ದಾಟಿಯೇ ಬಿಡುತ್ತದೆ.

ಐದೂಕಾಲಿಗೆ ಫೋನು ಹೊಡೆಯಿತು.
ಸ್ಪೀಕರಿಗೆ ಹಾಕು ಎಂದೆ.
ಇಲ್ಲ ಇಲ್ಲ, ಅಂದ ಚಾತ, ಎತ್ತಿದ ಕೂಡಲೇ.
ಬೆನ್ನಿಗೆ ಬೂಟಿನ ಕೆಸರು ಬಿಡಿಸಿಕೊಂಡ ಸದ್ದು,
ಯಾವುದೋ ಹಕ್ಕಿ, ಅವನ ಏದುಸಿರು,
ಆಮೇಲೆ, ಬಾಲದ ಕೂದಲೂ ಉದುರದೆ,
ದಾಟಿಲ್ಲ ಅಕ್ಕ.

ಇದೇನು, ಮೊದಲೇ ಇಲ್ಲ ಇಲ್ಲ ಅಂತಾನಲ್ಲ?
ಕನ್ನಡಿ ಹೋದ ದಿನವೇ ಹೇಳಿಕೊಟ್ಟೆ, ಅಂದಳು,
ಇಲ್ಲ ಇದ್ದರೆ ಮುಂಚೆ ಹೇಳು, ಎರಡು ಸಲ ಹೇಳು ಎಂದು.

ಈಗ ಸರಿಯಾಯಿತಲ್ಲ, ಇನ್ನು ಮಾಮೂಲಾಗೇ ಹೇಳಲಿ ಎಂದೆ,
ಕಸುಬಿನ ಮಾನ ಕಾಯಲು.
ಚೋಂದಮ್ಮ ಹೊತ್ತು ಬರೆದು, ಜಾಗ ಬರೆದು,
ಪೆನ್ನು ಎತ್ತದೆಯೇ ಅಂದಳು:
ಬೇಡ. ಹಾಗೇ ಇರಲಿ.